ಜಾಳಿಯ ಹಿಂದಿನ ಅಭಿಮನ್ಯು

ಹೋದ ತಿಂಗಳು ನಮ್ಮ ಅಂಗನವಾಡಿಯ ಕಿಟಕಿಗಳಿಗೆ ಬಣ್ಣ ಹಚ್ಚುವವನು ಬಂದಿದ್ದ. ಡಬ್ಬಿಯ ಮುಚ್ಚಳ ಮೀಟಿ ತೆಗೆದನೋ ಇಲ್ಲವೋ, ಬೆಳ್ಳಿ ಬಣ್ಣದ ವಾಸನೆ ಕೋಣೆ ತುಂಬ ಹರಡಿತು. ಸೀಮೆಎಣ್ಣೆಯಂಥ, ಮೂಗಿನ ಬುಡಕ್ಕೇ ಹೋಗಿ ಕೂರುವ ವಾಸನೆ. ಮಕ್ಕಳು ಮೂಗು ಹಿಡಿದುಕೊಂಡು ನಕ್ಕವು. ನಾನು ಮಾತ್ರ ಕೈಯಲ್ಲಿದ್ದ ಉಪ್ಪಿಟ್ಟಿನ ಸೌಟನ್ನು ಆಯಾಳಿಗೆ ಕೊಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಸೀರೆಯ ಮೇಲೆ, ಹೊಟ್ಟೆಯ ಅಡ್ಡಕ್ಕೆ, ತಣ್ಣನೆಯ ಗೆರೆಯೊಂದನ್ನು ಯಾರೋ ಎಳೆದ ಹಾಗಾಯಿತು. ಹದಿನಾಲ್ಕು ವರ್ಷದ ಹಿಂದಿನ ಗೆರೆ ಅದು...

“ಯಾಕ್ರಿ ಬಾಯಿ, ತಲಿ ತಿರಗಾಕತ್ತದೇನು?” ಎಂದು ಆಯಾ ಬಾಗಿಲಿಗೆ ಬಂದು ಕೇಳಿದಳು. ಇಲ್ಲ, ಸೆಕೆ, ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಹಳೆಯ ಅನುಭವವಿದೆ. ಆ ಅನುಭವದ ಬಗ್ಗೆಯೇ ಇಲ್ಲಿ ಬರೆಯಬೇಕಾಗಿದೆ.

ಅವರನ್ನು ಊರಿಗೆ ಊರೇ ಚೌಕೀದಾರ ಕಾಕಾ ಎನ್ನುತ್ತಿತ್ತು. ನಮ್ಮೂರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗಿದೆ. ಊರ ಹೊರಗೆ ತೊಗರಿ ಹೊಲಗಳ ನಡುವೆ ಕರಿಕಲ್ಲಿನ ಹಳೆಯ ಗುಡಿಯೊಂದಿದೆ. ಒಳಗೆ ದೇವರಿಲ್ಲ, ಬರೀ ಪೀಠ. ಹಳೆಯ ಗುಡಿಗಳನ್ನು ನೋಡಿಕೊಳ್ಳುವ ಇಲಾಖೆಯವರು ಅದಕ್ಕೆ ತಂತಿ ಬೇಲಿ ಹಾಕಿ, ಒಂದು ಬೋರ್ಡು ನಿಲ್ಲಿಸಿ, ಕಾಯಲಿಕ್ಕೆ ಇವರನ್ನು ಇಟ್ಟಿದ್ದರು. ಹೀಗಾಗಿ ಪೂಜಾರಿ ಇಲ್ಲದ ಗುಡಿಗೆ ಕಾವಲುಗಾರ ಮಾತ್ರ ಇದ್ದ.

ಕಾಕಾನ ಊರು ಹುಮನಾಬಾದಿನ ಹತ್ತಿರದ ಒಂದು ಹಳ್ಳಿ. ಕುರಿ ಕಾಯುವ ಮನೆತನ. ದಿನಾ ಬೆಳಿಗ್ಗೆ ಸೈಕಲ್ಲಿನ ಮೇಲೆ ಬರುತ್ತಿದ್ದರು. ಮೇಲೆ ಖಾಕಿ ಅಂಗಿ, ಕೆಳಗೆ ಧೋತರ. ಇಲಾಖೆ ಅಂಗಿಯನ್ನಷ್ಟೇ ಕೊಟ್ಟಿದೆ, ಪ್ಯಾಂಟು ಬರಬೇಕು, ಎಂದು ನಗುತ್ತಿದ್ದರು. ಉಡಿದಾರಕ್ಕೆ ಕೀಲಿಗೊಂಚಲು. ಹನ್ನೊಂದು ವರ್ಷದಿಂದ ಅವರದು ದಿನಗೂಲಿಯ ಕೆಲಸ. ಬಂದ ದಿನಕ್ಕೆ ಪಗಾರ, ಬರದ ದಿನಕ್ಕೆ ಇಲ್ಲ. ಕಾಯಂ ಮಾಡುವ ಕಾಗದ ಮೇಲೆ ಹೋಗಿದೆ, ಸಾಹೇಬರ ಟೇಬಲ್ಲಿನ ಮೇಲಿದೆ, ಇಷ್ಟರಲ್ಲೇ ಆಗುತ್ತದೆ ಎನ್ನುತ್ತಿದ್ದರು. ಕಾಯಂ ಆದ ಮೇಲೆ ಮೊದಲು ಏನು ಮಾಡ್ತೀರಿ ಎಂದು ನಾನೊಮ್ಮೆ ಚೇಷ್ಟೆಗೆ ಕೇಳಿದ್ದೆ. ಅವರು ಚೇಷ್ಟೆ ಮಾಡದೆ ಉತ್ತರಿಸಿದರು. “ಒಂದ್ ದಿನಾ ರಜಾ ತಗೋತೀನ್ರಿ. ರಜಾ ಹ್ಯಾಂಗ ಇರ್ತದ ನೋಡಬೇಕು.”

ಆ ಗುಡಿಯ ಹಿಂಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಒಂದು ಮೊಳದಗಲದ ಕಲ್ಲಿದೆ. ಅದರಲ್ಲಿ ಚಕ್ರವ್ಯೂಹ ಕೆತ್ತಿದ್ದಾರೆ. ಸುತ್ತಿನೊಳಗೆ ಸುತ್ತು, ಒಂದು ಬೆರಳು ಹಿಡಿಸುವಷ್ಟು ಅಗಲದ ತೋಡು. ಅಂಚಿಗೆ ಕುದುರೆಗಳು, ಬಿಲ್ಲುಗಳು, ಮೀಸೆಯ ದೊಡ್ಡ ದೊಡ್ಡ ಗಂಡಸರು. ನಟ್ಟನಡುವೆ ಹೆಬ್ಬೆರಳಿನಷ್ಟು ಹುಡುಗ, ಎರಡೂ ಕೈಯಿಂದ ರಥದ ಗಾಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ. ಅವನೇ ಅಭಿಮನ್ಯು. ಅವನ ಮೂಗು ಸವೆದು ಹೋಗಿದೆ. ಅಷ್ಟು ಜನ ಸೇರಿ ಒಬ್ಬ ಹುಡುಗನ ಮೇಲೆ ಬಿದ್ದದ್ದನ್ನು ಇಷ್ಟು ಚೆಂದವಾಗಿ ಯಾಕೆ ಕೆತ್ತಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಕಡೆಯ ಹೆಂಗಸರು ಮಾತ್ರ ಅದನ್ನು ನೋಡಲು ಹೋಗುತ್ತಿರಲಿಲ್ಲ, ಬಿಡಿಸಲು ಹೋಗುತ್ತಿದ್ದರು. ತಾಯಿಯ ಹೊಟ್ಟೆಯಲ್ಲಿದ್ದಾಗ ಅಭಿಮನ್ಯು ವ್ಯೂಹದೊಳಗೆ ನುಗ್ಗುವ ದಾರಿಯನ್ನು ಕೇಳಿಸಿಕೊಂಡ. ಹೊರಗೆ ಬರುವ ದಾರಿ ಹೇಳುವ ಹೊತ್ತಿಗೆ ತಾಯಿಗೆ ನಿದ್ದೆ ಹತ್ತಿತು. ಆ ತಾಯಿ ಮಾಡಿದ ತಪ್ಪನ್ನು ನಾವು ಮಾಡಬಾರದು. ಅದಕ್ಕೇ ಒಂಬತ್ತು ತಿಂಗಳು ತುಂಬಿದವಳು ಬಲಗೈಯ ತೋರುಬೆರಳನ್ನು ಎಣ್ಣೆಯಲ್ಲಿ ಅದ್ದಿ, ಹುಡುಗನ ಕಾಲ ಬಳಿ ಇಟ್ಟು, ತೋಡಿನ ಗುಂಟ ಒಂದೊಂದೇ ಸುತ್ತು ಸುತ್ತಿ ಹೊರಗೆ ಬರಬೇಕು. ಬೆರಳು ಎತ್ತುವ ಹಾಗಿಲ್ಲ. ಹೊಟ್ಟೆಯೊಳಗಿನ ಕೂಸು ಅದನ್ನು ಕಲಿತುಕೊಂಡು ತೊಂದರೆ ಇಲ್ಲದೆ ಹೊರಗೆ ಬರುತ್ತದೆ. ಇದು ಚಕ್ರ ಬಿಡಿಸುವ ಪದ್ಧತಿ. ಎಷ್ಟು ಕಾಲದಿಂದ ನಡೆದಿತ್ತೋ, ಆ ಕಲ್ಲು ಎಣ್ಣೆ ಕುಡಿದು ಕುಡಿದು ಎಮ್ಮೆಯ ಮೈಯಂತೆ ಹೊಳೆಯುತ್ತಿತ್ತು.

ನಾನು ಬಸವಕಲ್ಯಾಣದಲ್ಲಿ ಪಿಯುಸಿ ಓದಿದವಳು. ಅದೊಂದು ಜಂಬವಿತ್ತು. ಮೊದಲ ಸಲ ಬಸುರಿಯಾದಾಗ ಅತ್ತೆ ಚಕ್ರ ಬಿಡಿಸಲು ಕರೆದರೆ, ಕಲ್ಲು ತಿಕ್ಕಿದರೆ ಹೆರಿಗೆ ಆಗುವುದಾದರೆ ಆಸ್ಪತ್ರೆ ಯಾಕೆ ಕಟ್ಟಿದ್ದಾರೆ ಎಂದು ನಕ್ಕುಬಿಟ್ಟಿದ್ದೆ. ಒಂಬತ್ತನೆಯ ತಿಂಗಳಲ್ಲಿ ಕೂಸು ಒಳಗೇ ಹೋಯಿತು. ಗಂಡು. ಮುಖ ತೋರಿಸಿದರು... ಅದನ್ನು ಬರೆಯುವುದಿಲ್ಲ. ಡಾಕ್ಟರು ಏನೇನೋ ಕಾರಣ ಹೇಳಿದರು. ಅತ್ತೆ ಒಂದೇ ಕಾರಣ ಹೇಳಿದರು, ಅದನ್ನೂ ಒಂದೇ ಸಲ ಹೇಳಿ ಮತ್ತೆಂದೂ ಬಾಯಿ ಬಿಡಲಿಲ್ಲ. ಮೇಲಿಂದ ಮೇಲೆ ಹೇಳಿದ್ದರೆ ನಾನು ಜಗಳವನ್ನಾದರೂ ಆಡುತ್ತಿದ್ದೆ.

ಎರಡನೆಯ ಸಲ ನನ್ನನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಕಣ್ಣು ಬೀಳುತ್ತದೆ, ಗಾಳಿ ಸೋಕುತ್ತದೆ, ಕಾಲು ಜಾರುತ್ತದೆ. ಬಾವಿಯ ಕಡೆ ಇಲ್ಲ, ಹೊಲಕ್ಕೆ ಇಲ್ಲ, ತವರಿಗೆ ಮೊದಲೇ ಇಲ್ಲ. ನಮ್ಮ ಮನೆಯವರು ಹುಮನಾಬಾದಿನ ಔಷಧಿ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿದ್ದಾಗ ನಿದ್ದೆ, ಇಲ್ಲದಾಗ ಬಸ್ಸು. ಅಡುಗೆಮನೆ, ಪಡಸಾಲೆ, ಅಂಗಳ, ಮತ್ತೆ ಅಡುಗೆಮನೆ. ಅತ್ತೆ ಕೆಟ್ಟವರಲ್ಲ, ನನ್ನನ್ನು ಹೂವಿನಂತೆ ನೋಡಿಕೊಂಡರು. ಆದರೆ ಆ ಒಂಬತ್ತು ತಿಂಗಳು ನನಗೆ ಉಸಿರು ಕಟ್ಟುತ್ತಿತ್ತು. ಈ ಸಲ ಚಕ್ರ ಬಿಡಿಸದೆ ಇರುವ ಧೈರ್ಯ ನನಗೂ ಇರಲಿಲ್ಲ. ಓದಿದ ಪಿಯುಸಿ ಆ ಕೂಸಿನ ಜೊತೆಗೇ ಮಣ್ಣಿಗೆ ಹೋಗಿತ್ತು.

ಅಷ್ಟರಲ್ಲಿ ಇಲಾಖೆಯವರು, ಎಣ್ಣೆಯಿಂದ ಕಲ್ಲು ಕೆಡುತ್ತದೆ ಎಂದು ಆ ಚಕ್ರದ ಮುಂದೆ ಆಳೆತ್ತರದ ಕಬ್ಬಿಣದ ಜಾಳಿ ನಿಲ್ಲಿಸಿ ಬೀಗ ಹಾಕಿಸಿದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಕೀಲಿ ಕಾಕಾನ ಉಡಿದಾರದಲ್ಲಿ. ತುಂಬಿದ ಹೆಂಗಸರು ಎಣ್ಣೆಬಟ್ಟಲು ಹಿಡಿದು ಬರುವುದು, ಕಾಕಾ ಕೈ ಮುಗಿದು ವಾಪಸು ಕಳಿಸುವುದು, ಅವರು ಶಾಪ ಹಾಕಿ ಹೋಗುವುದು. ಒಂದು ತಿಂಗಳು ಇದನ್ನು ತಡೆದುಕೊಂಡ ಕಾಕಾ ತಾವೇ ಒಂದು ದಾರಿ ಹುಡುಕಿದರು. ಕಲ್ಲಿನ ಮೇಲೆ ದೊಡ್ಡ ಕಾಗದ ಹಚ್ಚಿ, ಇದ್ದಿಲಿನಿಂದ ತಿಕ್ಕಿ, ಚಕ್ರದ ಅಚ್ಚು ತೆಗೆದುಕೊಂಡರು. ಶಹಾಬಾದಿ ಫರಸಿ ಕಲ್ಲೊಂದನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು, ದಿನಾ ಮಧ್ಯಾಹ್ನ ಬೇವಿನ ನೆರಳಿಗೆ ಕೂತು, ಉಳಿ ಸುತ್ತಿಗೆ ಹಿಡಿದು ಅದೇ ಅಳತೆಗೆ ಕೆತ್ತಿದರು. ಕೆತ್ತುವ ಕೆಲಸ ಗೊತ್ತಿಲ್ಲದ ಕೈ. ನಡುವಿನ ಅಭಿಮನ್ಯು ಜೋಳದ ಚೀಲ ಹೊತ್ತ ಹಮಾಲನ ಹಾಗೆ ಕಾಣುತ್ತಿದ್ದ. ಆದರೂ ಚಕ್ರ ಚಕ್ರವೇ ಆಗಿತ್ತು. ಅದನ್ನು ಬೇಲಿಯ ಹೊರಗೆ ಬೇವಿನ ಬುಡಕ್ಕೆ ನಿಲ್ಲಿಸಿ, ಇದಕ್ಕೆ ಎಷ್ಟು ಬೇಕಾದರೂ ಎಣ್ಣೆ ಹಚ್ಚಿರಿ, ಎಂದರು. ಹೆಂಗಸರು ಒಪ್ಪಿದರು. ಕಲ್ಲು ಯಾವುದಾದರೇನು, ದಾರಿ ಅದೇ ಅಲ್ಲವೇ.

ಅತ್ತೆ ನನ್ನನ್ನು ಕರೆದುಕೊಂಡು ಹೋದದ್ದು ಒಂದು ಸೋಮವಾರ. ಬಿಸಿಲು ಇಳಿದ ಮೇಲೆ, ತಲೆ ತುಂಬ ಸೆರಗು ಹೊದಿಸಿ. ನಾನು ಫರಸಿಯ ಮುಂದೆ ಕೂತು ಹಮಾಲ ಅಭಿಮನ್ಯುವಿನ ಕಾಲ ಬಳಿ ಬೆರಳಿಟ್ಟೆ. ಮೊದಲ ಸುತ್ತು, ಎರಡನೆಯದು, ಮೂರನೆಯದು... ಹಳೆಯ ಕಲ್ಲಿನಷ್ಟು ನುಣುಪಲ್ಲ, ಬೆರಳು ಉರಿಯುತ್ತಿತ್ತು. ಕಡೆಯ ಸುತ್ತಿಗೆ ಬಂದೆ. ಸುತ್ತು ಮುಗಿದದ್ದು ಒಂದು ಗೋಡೆಯಲ್ಲಿ. ಹೊರಗೆ ಹೋಗಲು ದಾರಿಯೇ ಇಲ್ಲ. ಎರಡು ಸಲ ತಡವಿ ನೋಡಿದೆ. ಎಲ್ಲೂ ಇಲ್ಲ. “ಆಯ್ತೇನವಾ?” ಎಂದು ಅತ್ತೆ ಕೇಳಿದರು. ಬೆನ್ನ ಮೇಲೆ ಅವರ ಕೈ ಇತ್ತು. ನಾನು ಬೆರಳನ್ನು ಅಂಚಿನ ಮೇಲಿಂದ ಎತ್ತಿ ಹೊರಗೆ ತೆಗೆದು, “ಆಯ್ತ್ರಿ” ಎಂದೆ. ಅದು ಮೊದಲನೆಯ ಸುಳ್ಳು.

ನನಗಿಂತ ಮೊದಲು ಮೂವರು ಆ ಫರಸಿಯ ಮೇಲೆ ಚಕ್ರ ಬಿಡಿಸಿದ್ದರು. ಅವರೂ ಹೀಗೇ ಬೆರಳೆತ್ತಿ ಎದ್ದು ಮನೆಗೆ ಹೋಗಿ ರೊಟ್ಟಿ ತಿಂದಿರಬೇಕು. ಮೂವರಿಗೂ ಚೆನ್ನಾಗೇ ಹೆರಿಗೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಅವರು ನನ್ನ ಹಾಗೆ ಒಂದನ್ನು ಕಳೆದುಕೊಂಡವರಲ್ಲ. ಎರಡು ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಕೂಸು ಒದ್ದರೆ ದಾರಿ ಸಿಗದೆ ಗೋಡೆಗೆ ಬಡಿಯುತ್ತಿದೆ ಎನಿಸುತ್ತಿತ್ತು. ಒದೆಯದಿದ್ದರೆ ಇನ್ನೂ ಭಯ. ಅತ್ತೆಗೆ ಹೇಳಿದರೆ ಅವರು ಹೆದರಿ ಹಾಸಿಗೆ ಹಿಡಿಯುತ್ತಿದ್ದರು; ಮನೆಯವರಿಗೆ ಹೇಳಿದರೆ ನಗುತ್ತಿದ್ದರು. ಮೂರನೆಯ ದಿನ ಅಂಗನವಾಡಿಗೆ ಹೋಗಿ ಗುಳಿಗೆ ತರುತ್ತೇನೆ, ಇಲ್ಲೇ ಮೂರು ಮನೆ ಆಚೆ, ಎಂದು ಅತ್ತೆಯನ್ನು ಒಪ್ಪಿಸಿ ಹೊರಬಿದ್ದೆ. ಎರಡನೆಯ ಸುಳ್ಳು. ಅಂಗನವಾಡಿ ದಾಟಿ, ಓಣಿ ದಾಟಿ, ಹೊಲದ ಬದುವಿನ ಮೇಲೆ ಆ ಹೊಟ್ಟೆ ಹೊತ್ತುಕೊಂಡು ಹೇಗೆ ನಡೆದೆನೋ.

ಕಾಕಾ ಅವತ್ತು ಜಾಳಿಗೆ ಬೆಳ್ಳಿ ಬಣ್ಣ ಹಚ್ಚುತ್ತಿದ್ದರು. ಮುಂದಿನ ವಾರ ಸಾಹೇಬರು ಬರುವವರಿದ್ದಾರೆ, ಕಾಯಂ ಮಾಡುವ ಸಾಹೇಬರೇ, ಎಂದು ಖುಷಿಯಲ್ಲಿದ್ದರು. ನಾನು ಏದುಸಿರು ಬಿಡುತ್ತ, ಕಾಕಾ, ನಿಮ್ಮ ಚಕ್ರಕ್ಕ ಹೊರಗ ಬರೋ ದಾರಿನೇ ಇಲ್ಲ, ಎಂದೆ. ಅವರು ನಕ್ಕರು. “ಹ್ಯಾಂಗ ಇರಂಗಿಲ್ಲ? ಅಚ್ಚು ತಗದ್ ಮಾಡೀನ್ರಿ ತಂಗಿ, ಕೂದಲೆಳಿ ಫರಕಿಲ್ಲ.” ಎಂದವರು ಬ್ರಷ್ ಕೆಳಗಿಟ್ಟು, ಬೇವಿನ ಬುಡಕ್ಕೆ ಬಂದು, ಫರಸಿಯ ಮೇಲೆ ತಮ್ಮ ಬೆರಳನ್ನು ಇಟ್ಟರು. ಹನ್ನೊಂದು ವರ್ಷ ಆ ಚಕ್ರವನ್ನು ಕಾದ ಮನುಷ್ಯ ಅವತ್ತೇ ಮೊದಲ ಸಲ ಅದರ ಗುಂಟ ಬೆರಳಾಡಿಸಿದ್ದು. ಗಂಡಸರಿಗೆ ಅದರ ಕೆಲಸವೇನು ಹೇಳಿ. ಬೆರಳು ಸುತ್ತಿ ಸುತ್ತಿ ಬಂದು ಗೋಡೆಗೆ ನಿಂತಿತು. ಅವರ ನಗೆಯೂ ನಿಂತಿತು.

ನನಗೆ ಆಗಲೇ ಗೊತ್ತಾಗಿತ್ತು. ಹಳೆಯ ಕಲ್ಲಿನಲ್ಲಿ ಹೊರದಾರಿ ಇರುವ ಕಡೆ ಅದೆಷ್ಟೋ ಕಾಲದ ಎಣ್ಣೆ, ಧೂಳು ಸೇರಿ ಮೆತ್ತಿಕೊಂಡು ತೋಡು ಮುಚ್ಚಿಹೋಗಿದೆ. ಕಣ್ಣಿಗೆ ಕಾಣುವುದಿಲ್ಲ, ಇದ್ದಿಲಿಗೆ ಸಿಗುವುದಿಲ್ಲ. ಬೆರಳಿಟ್ಟರೆ ಮಾತ್ರ ಒಂದು ಸಣ್ಣ ತಗ್ಗು ಹತ್ತುತ್ತದೆ. ಅದು ನಮ್ಮೂರ ಹೆಂಗಸರಿಗಷ್ಟೇ ಗೊತ್ತು, ನಾನೂ ಹಿಂದೆ ಬಿಡಿಸಿದವರ ಬಾಯಿಂದಲೇ ಕೇಳಿದ್ದೆ. ಕಾಕಾನಿಗೆ ಹೇಳುವವರೂ ಇರಲಿಲ್ಲ, ಅವರು ಕೇಳಿದವರೂ ಅಲ್ಲ. ಅವರು ಫರಸಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಮೂರು ಮಂದಿ ಹೆಣ್ಣಮಕ್ಕಳಿಗಿ ನಾ ಒಳಗ ಕಟ್ಟಿ ಕಳಸೀನಲ್ಲಾ” ಎಂದರು. ಆ ಮುಖ ನನಗೆ ಇನ್ನೂ ಕಾಣುತ್ತದೆ. ಮೋಸ ಮಾಡಿ ಸಿಕ್ಕಿಬಿದ್ದವರ ಮುಖ ಅದಲ್ಲ, ಒಳ್ಳೆಯದು ಮಾಡಲು ಹೋಗಿ ಸಿಕ್ಕಿಕೊಂಡವರದು.

ನಾನು ಅಲ್ಲೇ ಅಳಲು ಶುರುಮಾಡಿದೆ. ಒಂದೇ ಒಂದು ಸಲ ಜಾಳಿ ತೆಗೆಯಿರಿ, ಯಾರಿಗೂ ಹೇಳುವುದಿಲ್ಲ, ಎಂದು ಕಾಲಿಗೆ ಬೀಳುವುದೊಂದು ಬಾಕಿ ಎನ್ನುವ ಹಾಗೆ ಬೇಡಿಕೊಂಡೆ. ಕೇಳಿದವಳು ನಾನು. ಅವರು ಕರೆಯಲಿಲ್ಲ. ಇದನ್ನು ಇಲ್ಲಿ ಬರೆದಿಡಬೇಕು. ಅವರು ಸುತ್ತ ನೋಡಿದರು, ಆಕಾಶ ನೋಡಿದರು, ಉಡಿದಾರದಿಂದ ಕೀಲಿ ಬಿಚ್ಚಿದರು. “ಎಣ್ಣಿ ಬ್ಯಾಡ್ರಿ. ಬರೀ ಬೆರಳಿಲೆ ಬಿಡಸ್ರಿ. ಕಲ್ಲಿಗೂ ಏನೂ ಆಗಬಾರದು, ನಿಮಗೂ ಏನೂ ಆಗಬಾರದು.” ಹಸಿ ಬಣ್ಣ ಹತ್ತೀತು, ಸರಿದು ಹೋಗಿರಿ, ಎಂದರು. ಜಾಳಿಯ ಬಾಗಿಲು ಒಂದು ಮೊಳ ತೆರೆಯುತ್ತಿತ್ತು, ನನ್ನ ಹೊಟ್ಟೆ ಒಂದೂವರೆ ಮೊಳವಿತ್ತು. ಅಡ್ಡಲಾಗಿ ನುಸುಳಿದೆ. ಅವರು ಬೆನ್ನು ತಿರುಗಿಸಿ ದೂರ ನಿಂತರು.

ನಾನು ಮೂಗಿಲ್ಲದ ಹುಡುಗನ ಕಾಲು ಮುಟ್ಟಿದೆ. ನುಣ್ಣಗೆ, ತಣ್ಣಗೆ. ಬೆರಳು ತಾನೇ ಜಾರುತ್ತ ಹೋಯಿತು, ನಾನು ತಳ್ಳುವುದೇ ಬೇಕಾಗಲಿಲ್ಲ. ಕಡೆಯ ಸುತ್ತಿನ ಕೆಳಗೆ ಆ ಸಣ್ಣ ತಗ್ಗು ಹತ್ತಿತು, ಬೆರಳು ಕಲ್ಲಿನ ಅಂಚು ದಾಟಿ ಬಯಲಿಗೆ ಬಂತು. ಒಳಗೆ ಕೂಸು ಒಂದು ಸಲ ಹೊರಳಿತು. ಅಷ್ಟು ಹಗುರ ನನಗೆ ಮದುವೆಯಾದ ಮೇಲೆ ಎಂದೂ ಆಗಿರಲಿಲ್ಲ.

ಕಾಕಾ ದಾರಿ ಎಲ್ಲಿದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡು, ಬೀಗ ಹಾಕಿ, ಆಗಲೇ ಉಳಿ ತೆಗೆದು ಫರಸಿಗೆ ಹೊರದಾರಿ ಕೊರೆಯಲು ಕೂತರು. ನಾನು ದಣಿವು ಆರಿಸಿಕೊಳ್ಳಲು ಕಟ್ಟೆಯ ಮೇಲೆ ಕೂತೆ. ಅವರ ಜೀವಕ್ಕೂ ಸಮಾಧಾನವಾಗಿತ್ತೆಂದು ಕಾಣುತ್ತದೆ, ಕೆತ್ತುತ್ತ ಮಾತಾಡಿದರು. ಊಟದ ಹೊತ್ತಿಗೆ ಮೂಡಣಕ್ಕೆ ನೋಡ್ರಿ, ಎಂದು ಉಳಿಯಿಂದಲೇ ಬರಿದಾದ ಆಕಾಶ ತೋರಿಸಿದರು. “ಏಳೆಂಟು ಚುಕ್ಕಿ ಕೂಡಿ ಕುದುರಿ ಲಾಳದಂಗ ಅವ. ನಮ್ಮಪ್ಪ ಅದಕ್ಕ ಕುರಿಹಟ್ಟಿ ಅಂತಿದ್ದ. ನಾ ಇಲ್ಲಿಗಿ ಬಂದಮ್ಯಾಲ ಅದು ಚಕ್ರ ಅಂತ ಗೊತ್ತಾಯ್ತು. ಒಂದ್ ಕಡೆ ತೆರದದ, ಒಳಗ ಯಾರೂ ಇಲ್ಲ. ಅಭಿಮನ್ಯು ಅಂದ್ರ ಚಂದ್ರಾಮನ ಮಗಾ ನೋಡ್ರಿ, ಹದಿನಾರು ವರ್ಸಕ್ಕಂತ ಭೂಮಿಗಿ ಎರವಲು ಕೊಟ್ಟಿದ್ದ. ಕಲ್ಲಿನಾಗ ಸಿಕ್ಕೊಂಡಾನ, ಮ್ಯಾಲ ಹೊಂಟ್ ಹೋಗ್ಯಾನ.” ನಾನು ತಲೆಯಾಡಿಸಿದೆ. ಹೊತ್ತು ಮುಳುಗುತ್ತಿದೆಯೆಂಬ ಗಾಬರಿಯಲ್ಲಿ ಅರ್ಧವನ್ನೇ ಕೇಳಿದೆ. ಬರುತ್ತೇನೆ ಕಾಕಾ ಎಂದೆ. ನಾನು ಅವರೊಂದಿಗೆ ಆಡಿದ ಕಡೆಯ ಮಾತು ಅದೇ.

ಮನೆಯ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದರು. ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. ಹಸಿರು ಸೀರೆಯ ಮೇಲೆ, ಈ ಕಡೆಯಿಂದ ಆ ಕಡೆಗೆ, ಬೆಳ್ಳಿಯ ಪಟ್ಟೆ. ಅಂಗನವಾಡಿಯಲ್ಲಿ ಇಂಥ ಗುಳಿಗೆ ಕೊಡುತ್ತಾರೇನು ಎಂದರು. ಪಕ್ಕದಲ್ಲಿ ಭಾವನವರೂ ಇದ್ದರು, ಪಂಚಾಯ್ತಿ ಮೆಂಬರು, ನಮ್ಮ ಮನೆಯವರ ಅಣ್ಣ. ನಾನೇ ಹೋದೆ ಎಂದರೆ ಅತ್ತೆಯ ಮುಂದೆ ಮೂರು ದಿನದ ಸುಳ್ಳು ಒಪ್ಪಿಕೊಳ್ಳಬೇಕು. “ಚೌಕೀದಾರ ಕಾಕಾ ಕರದ್ರು. ಬೀಗಾ ತಗದ್ ಕೊಡ್ತೀನಿ, ಚಕ್ರ ಬಿಡಸ್ಕೊಂಡ್ ಹೋಗ್ರಿ ಅಂದ್ರು” ಎಂದೆ. ಬಾಯಿಂದ ಬಿದ್ದ ಮೇಲೆ ಅದು ಎಂಥ ಮಾತು ಎಂದು ಗೊತ್ತಾಯಿತು. ಒಬ್ಬ ಗಂಡಸು, ಬೇರೆ ಊರಿನವ, ನಮ್ಮ ಮನೆಯ ತುಂಬಿದ ಹೆಂಗಸನ್ನು ಒಬ್ಬಳನ್ನೇ ಬೀಗದೊಳಗೆ ಕರೆದ. ಭಾವನವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಕಾಯಂ ಮಾಡಬೇಕಾದ ಸಾಹೇಬರು ಮುಂದಿನ ವಾರದ ಬದಲು ನಾಲ್ಕನೆಯ ದಿನವೇ ಬಂದರು. ಗುಡಿಯ ಮುಂದೆ ಜೀಪು, ಸುತ್ತ ಅರ್ಧ ಊರು. ನನ್ನನ್ನೂ ಕರೆಸಿದರು. ಅತ್ತೆ ಒಂದು ಪಕ್ಕಕ್ಕೆ, ಮನೆಯವರು ಒಂದು ಪಕ್ಕಕ್ಕೆ, ನಾನು ನಡುವೆ. ಸಾಹೇಬರು ಒಳ್ಳೆಯ ಮನುಷ್ಯರೇ. ಹೆದರಬೇಡಮ್ಮ, ಜಾಳಿ ತೆಗೆಯಿರಿ ಎಂದು ನೀನು ಕೇಳಿದೆಯೋ, ಇವರೇ ಕರೆದರೋ, ಅಷ್ಟು ಹೇಳು, ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಹೇಳಬೇಕೆಂದು ಬಾಯಿ ತೆರೆದೆ. ಖಂಡಿತ ತೆರೆದೆ... ಅಷ್ಟರಲ್ಲಿ ಕಾಕಾ, “ನಾನೇ ಕರದೀನ್ರಿ ಸಾಹೇಬ್ರ” ಎಂದರು. ನನ್ನ ಕಡೆ ನೋಡಲಿಲ್ಲ. ಯಾಕೆ ಕರೆದೆ ಎಂದು ಸಾಹೇಬರು ಕೇಳಿದರೆ ಸುಮ್ಮನೆ ನಿಂತರು. ಆ ಸುಮ್ಮನಿರುವಿಕೆಗೆ ಜನ ತಮಗೆ ಬೇಕಾದ ಅರ್ಥ ಹಚ್ಚಿಕೊಂಡರು. ಇಲ್ಲ, ನಾನೇ ಕೇಳಿದ್ದು, ಎನ್ನಲು ನನಗೆ ಆಮೇಲೂ ಹೊತ್ತಿತ್ತು. ಸಾಹೇಬರು ಬರೆದುಕೊಳ್ಳುವ ತನಕ ಇತ್ತು, ಕೀಲಿ ಇಸಿದುಕೊಳ್ಳುವ ತನಕ ಇತ್ತು, ಕಾಕಾ ಸೈಕಲ್ಲು ಹತ್ತಿ ಬದುವಿನ ತಿರುವಿನಲ್ಲಿ ಮರೆಯಾಗುವ ತನಕವೂ ಇತ್ತು. ನಾನು ಸೆರಗು ಹಿಡಿದುಕೊಂಡು ನಿಂತೇ ಇದ್ದೆ. ಬಿಸಿಲಿಗೆ ಕಣ್ಣು ಕತ್ತಲೆ ಬಂತು ಎಂದು ಅತ್ತೆ ನನ್ನನ್ನು ಮನೆಗೆ ಕರೆದುಕೊಂಡು ಬಂದರು.

ಆ ಬೇಸಿಗೆ ಅಂಗಳದಲ್ಲಿ ಹೊರಸು ಹಾಕಿ ಮಲಗುತ್ತಿದ್ದೆವು. ಊಟವಾದ ಮೇಲೆ ಅಂಗಾತ ಮಲಗಿ ನೋಡಿದರೆ ಮೂಡಣ ಗೋಡೆಯ ಮೇಲೆ ಕಾಕಾ ಹೇಳಿದ ಚುಕ್ಕಿಗಳು ಬರುತ್ತಿದ್ದವು. ಲಾಳದ ಹಾಗೇ ಇದ್ದವು. ಒಂದು ಕಡೆ ತೆರೆದೂ ಇತ್ತು. ನನ್ನ ಪಾಲಿಗೆ ಆಕಾಶವೆಂದರೆ ನಾಲ್ಕು ಗೋಡೆಯ ನಡುವೆ ಕಾಣುವಷ್ಟೇ. ಅಷ್ಟರಲ್ಲೇ ಅವು ಬಂದು ನಿಂತು ನನ್ನನ್ನು ನೋಡುತ್ತಿದ್ದವು. ಮಗ್ಗುಲಾಗಿ ಮಲಗು, ಅಂಗಾತ ಮಲಗಬಾರದು, ಎಂದು ಅತ್ತೆ ಹೇಳಿದಾಗ ನನಗೆ ಬದುಕಿದೆ ಎನಿಸುತ್ತಿತ್ತು.

ಹತ್ತು ದಿನಕ್ಕೆ ಬೇನೆ ಬಂತು. ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಹದಿನಾಲ್ಕು ತಾಸು ಒದ್ದಾಡಿದ ಮೇಲೆ, ಕೂಸು ಅಡ್ಡ ಇದೆ ಎಂದು ಡಾಕ್ಟರು ಹೊಟ್ಟೆ ಕೊಯ್ದು ಮಗಳನ್ನು ತೆಗೆದರು. ಚಕ್ರ ಬಿಡಿಸಿದ್ದು ಎಲ್ಲಿಗೆ ಬಂತು ನೋಡಿ. ನಾನು ಅಷ್ಟು ಕಷ್ಟಪಟ್ಟು ಕಲಿಸಿದ ದಾರಿಯನ್ನು ಆ ಮಹಾರಾಯಿತಿ ಕೇಳಿಸಿಕೊಂಡೇ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಮಲಗಿಸಿದ ಅವಳ ಕೆಂಪು ಮುಖ ನೋಡುತ್ತ ನನಗೆ ನಗು ಬಂತು, ಹೊಲಿಗೆ ನೋಯುತ್ತದೆ ಎಂದು ತಡೆದುಕೊಂಡೆ, ಆಮೇಲೆ ಅಳು ಬಂತು. ಒಬ್ಬ ಮನುಷ್ಯನ ಹನ್ನೊಂದು ವರ್ಷ ಏನಕ್ಕೂ ಅಲ್ಲದೆ ಹೋಗಿತ್ತು.

ಕಾಕಾ ಹುಮನಾಬಾದಿನ 'ಇಂಡಸ್ಟ್ರಿ ಏರಿಯಾ'ದಲ್ಲಿ ಒಂದು ಫ್ಯಾಕ್ಟರಿಯ ಗೇಟಿಗೆ ನಿಂತಿದ್ದಾರೆ ಎಂದು ಮನೆಯವರೇ ಒಮ್ಮೆ ಹೇಳಿದರು. ಅಲ್ಲಿ ಪ್ಯಾಂಟು ಕೊಟ್ಟಿದ್ದಾರೆ ಎಂದೂ ಹೇಳಿದರು. ಒಂದು ಸಲ ಬಸ್ಸಿನ ಕಿಟಕಿಯಿಂದ ಕಂಡರು. ನೀಲಿ ಅಂಗಿ, ನೀಲಿ ಪ್ಯಾಂಟು, ಮೂಗಿಗೆ ಕರವಸ್ತ್ರ. ಆ ರಸ್ತೆಯಲ್ಲಿ ಔಷಧಿಯ ಘಾಟು ಯಾವಾಗಲೂ ಇರುತ್ತದೆ. ಒಂದು ಲಾರಿಗೆ ಗೇಟು ತೆಗೆಯುತ್ತಿದ್ದರು. ಬಸ್ಸು ಅಲ್ಲೇ ನಿಧಾನವಾಯಿತು. ಇಳಿಯಬಹುದಿತ್ತು. ಮಗಳಿಗೆ ಜ್ವರವಿತ್ತು, ಅವಳನ್ನು ತೋರಿಸಲು ಹೊರಟಿದ್ದೆ, ಆದ್ದರಿಂದ ಇಳಿಯಲಿಲ್ಲ. ಜ್ವರವಿಲ್ಲದ ದಿನಗಳಲ್ಲೂ ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋದೆ.

ಹೋದ ತಿಂಗಳು ಬಂದ ಬಣ್ಣ ಹಚ್ಚುವವನು ಕಾಕಾನ ಹಳ್ಳಿಯ ಕಡೆಯವನೆಂದು ಗೊತ್ತಾಗಿ, ಚಹಾ ಕೊಡುವಾಗ ಏನೂ ಅಲ್ಲವೆಂಬಂತೆ ವಿಚಾರಿಸಿದೆ. “ಅವ್ರು ಹೋಗಿ ಎರಡು ವರ್ಸ ಆಯ್ತಲ್ರಿ ಬಾಯಿ. ದಮ್ಮಿತ್ತು” ಎಂದ. ಎರಡು ವರ್ಷ... ನಾನು ಮನಸ್ಸಿನಲ್ಲೇ ಅವರ ಮುಂದೆ ನಿಂತು ತಪ್ಪಾಯಿತೆಂದು ಎಷ್ಟೋ ಸಲ ಹೇಳಿಕೊಂಡಿದ್ದೆ. ಅದರಲ್ಲಿ ಎರಡು ವರ್ಷದ ಮಾತನ್ನು ಕೇಳಲು ಅವರು ಇರಲೇ ಇಲ್ಲ.

ಹೋದ ಬುಧವಾರ ಹುಮನಾಬಾದಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಊರಿಗೆ ಹೋದೆ. ಕಾಕಾನ ಹೆಂಡತಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದರು. ನಾನು ಯಾವ ಊರಿನವಳು ಎಂದು ಹೇಳಿದ ಕೂಡಲೇ ಮೊರ ನಿಂತಿತು. ನಾನು ಎಲ್ಲ ಹೇಳಿದೆ. ಫರಸಿಯಿಂದ ಜೀಪಿನ ತನಕ, ಒಂದನ್ನೂ ಬಿಡದೆ. ಹದಿನಾಲ್ಕು ವರ್ಷ ಹೊತ್ತದ್ದನ್ನು ಹೇಳಿ ಮುಗಿಸಲು ಕಾಲು ತಾಸೂ ಹಿಡಿಯಲಿಲ್ಲ.

“ನನಗ ಗೊತ್ತದ. ಆ ದಿನಾನೇ ಹೇಳಿದ್ರು” ಎಂದರು ಕಾಕಿ. “ನೀವ್ ಯಾಕ ಮ್ಯಾಲ ಹಾಕ್ಕೊಂಡ್ರಿ ಅಂತ ಭಾಳ ಬೈದೆ. ಆಕಿ ಮತ್ತ ಆ ಮನಿಗೇ ಹೋಗಬೇಕಲ್ಲ, ನಾ ಬ್ಯಾರೆ ಊರಾಂವ ಅಂದ್ರು.” ಆಮೇಲೆ ತೊಗರಿಯಲ್ಲಿ ಬೆರಳಾಡಿಸುತ್ತ, “ನಿಮ್ಮ ಬಾಗಲದಾಗ ಬಂದು ಕುಂತು ಅಳಬೇಕು ಅಂತ ಮಾಡಿದ್ದೆ. ಅವ್ರು ಬಿಡಲಿಲ್ಲ” ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು, ಅದು ಇರಬೇಕಾದದ್ದೇ. ಕಾಕಿ ಎದ್ದು ಒಳಗೆ ಹೋಗಿ ಒಂದು ಚೆರಿಗೆ ನೀರು ತಂದು ಕೊಟ್ಟರು. ನೀರು ಕುಡಿಯುವಾಗ ಕೇಳಿದರು.

“ಇಲ್ಲಿಗಿ ಬರ್ತೀನಂತ ಮನ್ಯಾಗ ಹೇಳಿ ಬಂದೀರೇನು?”

ನಾನು ಚೆರಿಗೆ ಕೆಳಗಿಟ್ಟೆ. “ಇಲ್ರಿ. ಅರಿವಿ ತರಾಕ ಹುಮನಾಬಾದಿಗಿ ಹೊಂಟೀನಂತ ಹೇಳೀನಿ.”

ಕಾಕಿ ನನ್ನನ್ನು ಒಂದು ಸಲ ನೋಡಿದರು. “ಹಂಗಾರ ಅರಿವಿ ತಗೊಂಡೇ ಹೋಗ್ರಿ. ಬರೀ ಕೈಲೆ ಹೋದ್ರ ಕೇಳ್ತಾರ” ಎಂದು ಮತ್ತೆ ಮೊರ ಕೈಗೆತ್ತಿಕೊಂಡರು.

ಬಜಾರಿನಲ್ಲಿ ಇಳಿದು, ಕಂಡ ಮೊದಲ ಅಂಗಡಿಯಲ್ಲಿ ಲಂಗದ ಬಟ್ಟೆ ಹರಿಸಿಕೊಂಡೆ. ಈಗ ನಮ್ಮ ಮನೆಯಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ. ಭಾವನವರು ತೀರಿಹೋದರು. ಮನೆಯವರು ಕೇಳಿದರೆ ಹೌದಾ ಎಂದು ಸುಮ್ಮನಾಗುತ್ತಾರೆ. ಅತ್ತೆಗೆ ಕಣ್ಣು ಮಂಜು, ಮನೆಯ ಕೀಲಿ ನನ್ನ ಸೊಂಟದಲ್ಲೇ ಇರುತ್ತದೆ. ಬಸ್ಸಿನ ಉದ್ದಕ್ಕೂ ನಾನು ಇದನ್ನೇ ಹೇಳಿಕೊಳ್ಳುತ್ತ ಬಂದೆ. ಹೋದ ತಕ್ಷಣ ಅತ್ತೆಯ ಪಕ್ಕ ಕೂತು, ಕಾಕಾ ಹೋಗಿಬಿಟ್ಟರಂತೆ, ಅವತ್ತು ಕೇಳಿದವಳು ನಾನೇ, ಎನ್ನಬೇಕು. ಕಾಕಾನಿಗಂತೂ ಅದು ಇನ್ನು ಮುಟ್ಟುವುದಿಲ್ಲ. ಊರಿನಲ್ಲಿ ಒಬ್ಬರಾದರೂ ತಿಳಿದುಕೊಂಡು ಇರಲಿ.

ಅತ್ತೆ ಹೊರಸಿನ ಮೇಲೆ ಕೂತಿದ್ದರು. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಬಟ್ಟೆಯನ್ನು ಹೊರಗೆ ತೆಗೆದು, ಬೆರಳುಗಳ ನಡುವೆ ತಿಕ್ಕಿ ನೋಡಿದರು.

“ಅರಿವಿ ಚಲೋ ಅದ” ಎಂದರು. “ಇಷ್ಟೊತ್ತು ಇದಕ್ಕೇ ಹಿಡೀತೇನವಾ?”

“ಹೌದ್ರಿ” ಎಂದೆ.